ಎರಡು ಗಂಟೆಯ ಸೈರನ್

"ಸೈರನ್ ಕಾಣ್ತಿಲ್ಲ ಮೇಡಂ, ಬೇಗ ಬನ್ನಿ!" ಎಂದು ವಾಸ್ತುಶಿಲ್ಪಿ ಚಂದ್ರಲೇಖಾ ಫೋನಿನಲ್ಲಿ ನಾಗವೇಣಿಗೆ ಗೋಗರೆದಳು.

ನಾಗವೇಣಿ ಇಪ್ಪತ್ತೆರಡು ವರ್ಷ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ತಪಾಸಣೆ ಮಾಡಿದವಳು. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದವಳು. ಹೊಸೂರಿನಲ್ಲಿ ನಮ್ಮದು ಅಕ್ಕಪಕ್ಕದ ಮನೆ. ಊರಿನ ಇಂಥ ತೊಡಕುಗಳನ್ನೆಲ್ಲ ಅವಳು ಬಿಡಿಸುತ್ತಿದ್ದಳು, ನಾನು ಬರೆದಿಡುತ್ತಿದ್ದೆ.

ಹದಿನೇಳು ವರ್ಷದಿಂದ ಮುಚ್ಚಿದ್ದ ಗೇರ್ ಕಾರ್ಖಾನೆಯೊಂದು ಗ್ರಂಥಾಲಯವಾಗುತ್ತಿತ್ತು. ಯಂತ್ರಗಳು ಹೋಗಿ, ಹಳೆಯ ನೆಲದ ಮೇಲೆ ನುಣುಪಾದ ಹೊಸ ಕಾಂಕ್ರೀಟು ಬಿದ್ದಿತ್ತು. ಪಾಳಿ ಬದಲಾಗುವ ಮಧ್ಯಾಹ್ನ ಎರಡಕ್ಕೆ ಕೂಗುತ್ತಿದ್ದ ಗೋಡೆಯ ಸೈರನ್ನನ್ನು ಅಂದು ಕೊರೆದು, ಅಲಂಕಾರದ ದೀಪ ಮಾಡಬೇಕಿತ್ತು. ಹಿಂದಿನ ದಿನ ಮಧ್ಯಾಹ್ನ ಕೆಲಸದವರು ಊಟಕ್ಕೆ ಹೋದಾಗಲೇ ಅದು ಮಾಯವಾಗಿತ್ತು.

"ಗುಜರಿಗೆ ಹಾಕ್ಬುಟ್ಟು ಈಗ ಅಳ್ತೀಯೇನ್ಲಾ?" ಗುತ್ತಿಗೆದಾರ ಶ್ರೀನಿವಾಸ್ ಕಾವಲುಗಾರ ಚಿನ್ನಸ್ವಾಮಿಯ ಮೇಲೆ ರೇಗುತ್ತಿದ್ದ. "ನಾಳೆಯಿಂದ ಕೆಲಸಕ್ಕೆ ಬರ್ಬೇಡ."

"ಎಂಟು ವರ್ಷ ಕಾದಿವ್ನಿ ಸಾಮಿ. ಒಂದ್ ಮೊಳೆ ಮುಟ್ಟಿಲ್ಲ," ಎಂದ ಚಿನ್ನಸ್ವಾಮಿ.

ನಾಗವೇಣಿ ಗೋಡೆ ನೋಡಿದಳು. ಸೈರನ್ ಇದ್ದ ಕಡೆ ನಾಲ್ಕು ಬೋಲ್ಟುಗಳು ಹಾಗೇ ಇದ್ದವು. ಪ್ರತಿಯೊಂದಕ್ಕೂ ಗ್ರೀಸ್ ಸವರಿ, ವಾಷರ್ ಹಾಕಿ, ನಟ್ಟನ್ನು ಮರಳಿ ತಿರುಗಿಸಲಾಗಿತ್ತು. ಬಳಿಕ ನಾಗವೇಣಿ, ಚಂದ್ರಲೇಖಾ ಗೋಡೆಗೆ ಅಂಟಿಸಿದ್ದ ಕಾರ್ಖಾನೆಯ ಹಳೆಯ ನಕ್ಷೆಯನ್ನು ಬಹಳ ಹೊತ್ತು ಓದಿದಳು.

"ಎಲ್ಲರಿಗೂ ಟೀ ತರಿಸು," ಎಂದಳು ನನಗೆ.

ಗೇಟಿನೆದುರಿನ ಟೀ ಅಂಗಡಿಯ ಮುನಿಕೃಷ್ಣ ಕೆಟಲ್ ಹಿಡಿದು ಬಂದ. "ಗೇಟಲ್ಲೇ ಕೊಡ್ತಿದ್ದೆ. ಒಳೀಕೆ ಬತ್ತಿರೋದು ಇದೇ ಮೊದ್ಲು ಕಣಕ್ಕಾ," ಎಂದ. ಬಾಗಿಲಿಂದ ಎದುರು ಮೂಲೆಯಲ್ಲಿದ್ದ ನಮ್ಮವರೆಗೂ ಹಾಲ್ ಖಾಲಿ. ಆತ ನೇರವಾಗಿ ಬರಲಿಲ್ಲ; ಗೋಡೆಯ ಪಕ್ಕದಲ್ಲೇ ನಡೆದು, ಮೂರನೇ ಕಂಬದ ಬಳಿ ತಟ್ಟನೆ ತಿರುಗಿ ಬಂದ.

ನಾಗವೇಣಿ ಎಲ್ಲರನ್ನೂ ಹತ್ತಿರ ಕರೆದಳು.

"ಗುಜರಿಗೆ ಕದಿಯೋನು ಕತ್ತರಿಸಿಕೊಂಡು ಹೋಗ್ತಾನೆ. ಬಿಚ್ಚಿದ ನಟ್ಟನ್ನ ಬೋಲ್ಟಿಗೇ ಹಾಕಿಡೋನು ಫಿಟ್ಟರ್. ಅವನು ವಾಪಸ್ ಜೋಡಿಸೋಕೆ ಬರ್ತಾನೆ. ಈ ನಕ್ಷೆ ನೋಡಿ. ನಡೆಯೋ ದಾರಿಗೆ ಹಳದಿ ಗೆರೆ ಇತ್ತು. ದಾಟಿದ್ರೆ ಯಂತ್ರಕ್ಕೆ ಸಿಕ್ಕಾರು ಅಂತ ಭಯ. ಗೆರೆ ಕಾಂಕ್ರೀಟಿನಡಿ ಹೋಯ್ತು. ಮೊದಲ ಸಲ ಒಳಗೆ ಬಂದೆ ಅಂದ ಮುನಿಕೃಷ್ಣಣ್ಣ ಮಾತ್ರ ಈಗಲೂ ಅದರೊಳಗೇ ನಡೆದ್ರು."

ಮುನಿಕೃಷ್ಣ ಕೆಟಲ್ ಕೆಳಗಿಟ್ಟ.

"ಹನ್ನೊಂದು ವರ್ಷ ಇಲ್ಲೇ ಫಿಟ್ಟರಾಗಿದ್ದೆ ಕಣಕ್ಕಾ. ದೀಪ ಮಾಡ್ತಾರೆ ಅಂದ್ರು, ತಡೀಲಿಲ್ಲ ಜೀವ. ಅದರ ತಂತಿ ಕಾಯಿಲ್ ಸುಟ್ಟಿತ್ತು, ಹೊಸ್ದಾಗಿ ಸುತ್ತಿವ್ನಿ. ಒಂದ್ಸಲ ಕೂಗಿಸಿ ಕೊಟ್ಬುಡೋಣ ಅಂತ… ಚಿನ್ನಸ್ವಾಮಣ್ಣ, ನಿನ್ ತಲೆಗೆ ಬತ್ತದೆ ಅಂತ ಹೊಳೀಲಿಲ್ಲ."

"ನನ್ನನ್ನೇ ಕೇಳಿದ್ರೆ ಏಣಿ ಹಿಡೀತಿದ್ನಲ್ಲೋ," ಎಂದ ಚಿನ್ನಸ್ವಾಮಿ.

ಶ್ರೀನಿವಾಸ್ ತಲೆ ತಗ್ಗಿಸಿದ. "ನಾಳೆ ಬಾ ಚಿನ್ನಸ್ವಾಮಿ," ಎಂದ. ತಾನು ಬರೆದಿದ್ದ ದೀಪದ ಚಿತ್ರವನ್ನು ಚಂದ್ರಲೇಖಾ ಮಡಚಿಟ್ಟಳು.

ಟೀ ಅಂಗಡಿಯ ಬೆಂಚಿನಡಿಯಿಂದ ಸೈರನ್ ಬಂತು. ಅದನ್ನು ಗೋಡೆಗೆ ಮರಳಿ ಜೋಡಿಸಿ, ಎರಡು ಗಂಟೆಗೆ ಮುನಿಕೃಷ್ಣ ಸ್ವಿಚ್ ಒತ್ತಿದ. ಆ ಕೂಗಿಗೆ ರಸ್ತೆಯಲ್ಲಿ ಹೋಗುತ್ತಿದ್ದ ನರೆಗೂದಲಿನವರೊಬ್ಬರು ಗಾಡಿ ನಿಲ್ಲಿಸಿ, ಗಡಿಯಾರ ನೋಡಿಕೊಂಡು, ಅವಸರದಿಂದ ಗೇಟಿನ ಕಡೆಗೆ ಎರಡು ಹೆಜ್ಜೆ ಇಟ್ಟರು.

ಅಲ್ಲಿಗೇ ನಿಂತರು. ಸೈರನ್ ಮುಗಿದ ಮೇಲೂ ಹೋಗಲಿಲ್ಲ.