ಮೇಲಿನ ಬೋಲ್ಟ್ ಮೊದಲು

"ಆ ಕೆಳಗಿನ ಬೋಲ್ಟ್ ಬಿಚ್ಚಬ್ಯಾಡ್ರಿ."

ಬೊಲೆರೊ ಗಾಡಿಯ ಕೆಳಗೆ ಅಂಗಾತ ಮಲಗಿದ್ದ ಅನುಗ್ರಹಳಿಗೆ ಮೊದಲು ಕಂಡದ್ದು ಪಾಲಿಶ್ ಮಾಡಿದ ಎರಡು ಕರಿ ಬೂಟು. ಆಮೇಲೆ ಬಗ್ಗಿ ನೋಡುತ್ತಿದ್ದ ಮುಖ.

ಸೈಮನ... ಫೋಟೊದಲ್ಲಿ ನೋಡಿದ್ದವನು. ಔರಾದ್‌ನಿಂದ ಸಂಜೆ ಚಹಾಕ್ಕೆ ಬರಬೇಕಾದವನು ಮಧ್ಯಾಹ್ನ ಒಂದೂವರೆಗೇ ಭಾಲ್ಕಿಯ ಅವರ ಅಂಗಳದಲ್ಲಿ ನಿಂತಿದ್ದ.

ಹುಡುಗ ಹುಡುಗಿ ತಾವೇ ಕೂತು ಮಾತಾಡಲಿ, ಹೂಂ ಅಥವಾ ಊಹೂಂ ಎಂದು ಕತ್ತಲಾಗುವುದರೊಳಗೆ ಫೋನಿನಲ್ಲಿ ತಿಳಿಸಿದರೆ ಸಾಕು ಎಂದು ಎರಡೂ ಮನೆಯವರು ಒಪ್ಪಿಕೊಂಡಿದ್ದರು.

ಅಪ್ಪ ಸ್ಯಾಮ್ಸನ ತೀರಿಕೊಂಡ ಮೇಲೆ ಆ ಗಾಡಿಯನ್ನು ನೋಡಿಕೊಂಡವಳು ಅನುಗ್ರಹಳೇ. ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ರಜೆ ಸಿಕ್ಕ ಭಾನುವಾರ ಚರ್ಚ್ ಮುಗಿಸಿ ಗಾಡಿಯ ಕೆಲಸ. ಇಂಜಿನ್ ಆಯಿಲ್ ಎಷ್ಟೋ ಸಲ ಬದಲಿಸಿದ್ದಳು. ಹಿಂದಿನ ಗಾಲಿಗಳ ನಡುವಿನ ಡಿಫರೆನ್ಷಿಯಲ್ ಆಯಿಲ್‌ಗೆ ಕೈ ಹಾಕಿದ್ದು ಇದೇ ಮೊದಲು.

ಮುಂಚೆ ನೋಡಲು ಬಂದಿದ್ದ ಒಬ್ಬ, ಮದುವೆಯಾದ ಮೇಲೆ ಈ ಪಾನಾ, ಸ್ಪ್ಯಾನರ್ ಹಿಡಿಯುವ ಚಟ ಬಿಡಬೇಕು ಎಂದಿದ್ದ. ಇವನೂ ಬಂದವನೇ 'ಬ್ಯಾಡ್ರಿ' ಎಂದನಲ್ಲ...

"ಯಾಕ್ರಿ, ಹೆಣ್ಮಕ್ಕಳು ಮುಟ್ಟಬಾರದೇನ್ರಿ?"

ಉತ್ತರಕ್ಕೂ ಕಾಯದೆ ಪಾನಾ ತಿರುವಿದಳು. ಕಪ್ಪು ಎಣ್ಣೆ ದಪ್ಪ ಧಾರೆಯಾಗಿ ಬೋಗುಣಿಗೆ ಸುರಿಯಿತು. ಕೊಳೆತ ಬೆಳ್ಳುಳ್ಳಿಯಂಥ ವಾಸನೆ.

ಸೈಮನ ಅಲ್ಲೇ ಕುಕ್ಕರಗಾಲಲ್ಲಿ ಕೂತ. ಮೆಲ್ಲಗೆ, ಮೇಲಿನದು ಬಿಚ್ಚಿ ನೋಡಿದ್ದೀರಾ ಎಂದು ಕೇಳಿದ.

ಆಗಲೇ ಅವಳಿಗೆ ತನ್ನ ತಪ್ಪು ಹೊಳೆದದ್ದು. ಇಂಜಿನ್ನಿಗೆ ಎಣ್ಣೆ ಹಾಕುವ ಮುಚ್ಚಳ ಕೈಯಲ್ಲೇ ಬಿಚ್ಚುತ್ತದೆ. ಆ ರೂಢಿಯಲ್ಲಿ ಇಲ್ಲೂ ಹಳೆಯದನ್ನು ಮೊದಲು ಇಳಿಸಿಬಿಟ್ಟಿದ್ದಳು. ಆದರೆ ಇಲ್ಲಿ ಹೊಸ ಎಣ್ಣೆ ಹೋಗುವ ದಾರಿಗೂ ಬೋಲ್ಟೇ, ಆ ಮೇಲಿನದು. ಅದು ತುಕ್ಕು ಹಿಡಿದಿತ್ತು, ಅವಳು ಹಾಕಿ ನೋಡಿದ ಕೀಲಿ ಅದರ ತಲೆಯ ಚೌಕ ಕುಳಿಯಲ್ಲಿ ಜಾರುತ್ತಿತ್ತು. ಅದು ಬಿಚ್ಚದಿದ್ದರೆ ಗಾಡಿ ಅಂಗಳ ದಾಟುವಂತಿಲ್ಲ.

ಸೈಮನ ಆ ಕುಳಿಯ ಅಳತೆ ನೋಡಿಕೊಂಡ. ಎದ್ದ. ಒಂದು ಮಾತೂ ಆಡದೆ ಬೈಕ್ ಹತ್ತಿ ಹೊರಟೇಹೋದ.

ಅವಳು ಗೇಟಿನವರೆಗೂ ಹೋಗಿ ನೋಡಿದಳು. ಧೂಳು ಮಾತ್ರ ಇತ್ತು.

ಒಂದು ತಾಸಾಯಿತು... ಎರಡಾಯಿತು... ಮೈಯೆಲ್ಲ ಎಣ್ಣೆ, ಮೇಲಾಗಿ ಎದುರು ಮಾತು. ಯಾರು ತಾನೇ ನಿಂತಾರು? ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಬೇಸರವಾದದ್ದೇ ವಿಚಿತ್ರ. ಆ ಬಗ್ಗಿದ ಮುಖದಲ್ಲಿ ಕೀಳಾಗಿ ಕಾಣುವ ಭಾವ ಇರಲೇ ಇಲ್ಲವಲ್ಲ.

ಅಡುಗೆಮನೆಗೆ ಹೋಗಿ, ಔರಾದ್‌ಗೆ ಫೋನ್ ಮಾಡಿ ಬೇಡವೆಂದುಬಿಡು ಎಂದು ತಾಯಿಗೆ ಹೇಳಿದಳು. ಮಾರ್ಗರೆಟ ರೊಟ್ಟಿ ಬಡಿಯುತ್ತಿದ್ದರು.

"ಕೈ ಹಿಟ್ಟಾಗ್ಯಾವ. ತಡಿ."

ರೊಟ್ಟಿ ಮುಗಿದ ಮೇಲೆ ನೀರು ತುಂಬುವುದಿತ್ತು. ಆಮೇಲೆ ಒಣಗಿದ ಬಟ್ಟೆ ಮಡಚುವುದಿತ್ತು. ಅಷ್ಟು ನಿಧಾನವಾಗಿ ಮಾರ್ಗರೆಟ ಹಿಂದೆಂದೂ ಬಟ್ಟೆ ಮಡಚಿರಲಿಲ್ಲ.

ನಾಲ್ಕೂವರೆಗೆ ಬೈಕ್ ಸದ್ದು. ಬೂಟಿನ ಪಾಲಿಶ್ ಕಾಣದಷ್ಟು ಧೂಳು, ಕೈಯಲ್ಲಿ ಕಾಗದ ಸುತ್ತಿದ ಚೌಕ ಕೀಲಿ. ಭಾನುವಾರವೆಂದು ಭಾಲ್ಕಿಯ ಅಂಗಡಿಗಳು ಮುಚ್ಚಿದ್ದವಂತೆ, ಅಲ್ಲಿಂದಲೇ ಬೀದರ್‌ಗೆ ಹೋಗಿ ಬಂದನಂತೆ.

"ಹೇಳಿ ಹೋಗಬಾರದೇನ್ರಿ?"

"ಇಲ್ಲೇ ಹತ್ತು ನಿಮಿಷದಾಗ ಸಿಗ್ತದ ಅಂದ್ಕೊಂಡೆ. ಫೋನ್ ಮಾಡಬೇಕಂದ್ರ ನಿಮ್ಮ ನಂಬರ್ ನಮ್ಮವ್ವನ ಹತ್ರ ಅದ. ಅವ್ವಗ ಕೇಳಿದ್ರ ಇಡೀ ಔರಾದಿಗೇ ಸುದ್ದಿ ಆಗ್ತಿತ್ತು."

ನಗು ಬಂತು. ತಡೆದುಕೊಂಡಳು.

ಅವನೇ ಗಾಡಿಯ ಕೆಳಗೆ ತೂರುತ್ತಾನೆ ಎಂದುಕೊಂಡು ಅವಳು ಪಕ್ಕಕ್ಕೆ ಸರಿದಳು. ಸೈಮನ ಕೀಲಿಯನ್ನು ಅವಳ ಕೈಗಿಟ್ಟ.

"ನೀವು ಹಿಡಿದ ಕೆಲಸ, ನೀವೇ ಮುಗಸ್ರಿ. ನಾ ಪೈಪ್ ಕೊಡ್ತೇನಿ, ಕೀಲಿಗಿ ಹಾಕಿ ಒತ್ರಿ."

ಅನುಗ್ರಹ ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ಮಲಗಿ, ಪೈಪಿನ ಮೇಲೆ ಭಾರ ಹಾಕಿದಳು. ಮೂರನೆಯ ಸಲಕ್ಕೆ ಬೋಲ್ಟ್ ಕಿರ್ರೆಂದು ಸಡಿಲವಾಯಿತು.

ಕೆಳಗಿನ ಬೋಲ್ಟ್ ಬಿಗಿದು, ಹೊಸ ಎಣ್ಣೆ ಹಾಕಲು ಅವಳು ತೆಗೆದದ್ದು ರೋಗಿಗಳಿಗೆ ನಳಿಕೆಯಲ್ಲಿ ಗಂಜಿ ಕೊಡುವ ದೊಡ್ಡ ಸಿರಿಂಜ್, ಹೊಸದು. ಅವನು ಎಣ್ಣೆ ಎಳೆದು ಕೊಟ್ಟ, ಅವಳು ಒಳಗೆ ಒತ್ತಿದಳು. ಮತ್ತೆ ಮತ್ತೆ. ಕೈಗೆ ಕೈ ತಾಗಿದಾಗ ಇಬ್ಬರೂ ಎಣ್ಣೆಯನ್ನೇ ನೋಡಿದರು.

ಆ ನಡುವೆಯೇ ಅವನು ತನ್ನ ಕಥೆ ಹೇಳಿದ. ಮಾಮನ ಗಾಡಿಗೆ ತಾನೂ ಇದೇ ತಪ್ಪು ಮಾಡಿದ್ದ. ಮರುದಿನ ಅವರ ಮನೆಯಲ್ಲಿ ಮದುವೆ. ಮದುಮಗನೂ ಸೇರಿ ಎಲ್ಲರೂ ಬಸ್ಸಿನಲ್ಲಿ ಹೋಗಬೇಕಾಯಿತು.

"ಅದಕ್ಕ ಬ್ಯಾಡ್ರಿ ಅಂದೆ. ಬ್ಯಾರೆ ಏನಿಲ್ಲರಿ."

ಅವಳ ಕೈ ನಿಂತಿತು. ಬಾಗಿಲಲ್ಲಿ ಮಾರ್ಗರೆಟ ಫೋನ್ ಹಿಡಿದು ನಿಂತಿದ್ದರು.

"ಅನು, ಬಟ್ಟಿನೂ ಮಡಚಿದ್ದಾಯ್ತು. ಬ್ಯಾಡ ಅಂತ ಹೇಳಿಬಿಡ್ಲೇನು?"

ಸೈಮನ ಎಣ್ಣೆಯ ಡಬ್ಬಿ ಕೆಳಗಿಟ್ಟ. ಮುಖ ಸಣ್ಣದಾಗಿತ್ತು.

"ನೀವು ಹೋದ ಮ್ಯಾಲ ನಾನೇ ಹಾಂಗಂದಿದ್ದೆ," ಎಂದಳು ಅನುಗ್ರಹ. ಅಡಗಿಸಲು ಮನಸ್ಸಾಗಲಿಲ್ಲ. "ಬಿಟ್ಟು ಹೋದ್ರಿ ಅಂತ ತಿಳ್ಕೊಂಡೆ... ಭಾಳ ಬ್ಯಾಸರ ಆಯ್ತು. ಬ್ಯಾಸರ ಯಾಕಾಯ್ತು ಅಂತ ಈಗ ತಿಳೀತು."

"ಯಾಕಾಯ್ತು?"

"ನೀವು ವಾಪಸ್ ಬರಬೇಕಿತ್ರಿ ನನಗ."

ಸೈಮನ ಹತ್ತಿರ ಸರಿದ. ಎಣ್ಣೆಯ ಕೈಯನ್ನು ಅಂಗಿಗೇ ಒರೆಸಿಕೊಂಡು ಅವಳ ಬೆರಳು ಹಿಡಿದ.

"ಔರಾದಿಗಿ ಹೂಂ ಅಂತ ನಾನೇ ಹೇಳ್ತೇನಿ. ನೀವು ಮೊದಲು ಬೋಲ್ಟ್ ಹಾಕ್ರಿ, ಎಣ್ಣಿ ತುಂಬಿ ಸೋರ್ಲತ್ತದ."

"ಕೈ ಬಿಟ್ರ ಹಾಕ್ತೇನ್ರಿ."

"ಒಂದು ನಿಮಿಷ ಸೋರಲಿ ಬಿಡ್ರಿ."