ಇಬ್ಬರೂ ಸೇರಿ ಬರೆದ ನಿಯಮ

"ನಿಮ್ಮ ನಿಯಮ ಅಳಿಸಿ ಹಾಕ್ರೀ!"

ಮೊದಲ ಭೇಟಿಯಲ್ಲೇ ಅವನು ಅಂದ ಮಾತಿದು, ಅದೂ ತುಂಬಿದ ಮೀಟಿಂಗಿನಲ್ಲಿ. ಅವಳ ಮುಖ ಕೆಂಪಾಯಿತು.

ಆಸ್ಪತ್ರೆಯೊಂದರ ಡಯಾಲಿಸಿಸ್ ಕೇಂದ್ರಕ್ಕೆ ಆ್ಯಪ್ ಮಾಡಿಕೊಡುವ ಕಂಪನಿ ಅದು. ರೋಗಿಗಳ ಫೋನಿನಲ್ಲಿ ಕಾಣುವ ಭಾಗ ಅವಳದು, ಆಸ್ಪತ್ರೆಯ ಸರ್ವರ್ ಅವನದು. ಯಾರಿಗೆ ಮೊದಲು ಹಾಸಿಗೆ ಅನ್ನೋ ನಿಯಮವನ್ನು ಇಬ್ಬರೂ ಬೇರೆ ಬೇರೆ ಬರೆದುಕೊಂಡಿದ್ದರು. ಫೋನ್ 'ಬನ್ನಿ' ಅಂದರೆ ಸರ್ವರ್ 'ಇಲ್ಲ' ಅನ್ನುತ್ತಿತ್ತು. ಪಾಪ, ರೋಗಿಗಳು ಬಾಗಿಲ ತನಕ ಬಂದು ವಾಪಸ್ ಹೋಗುತ್ತಿದ್ದರು.

"ಒಂದೇ ನಿಯಮ ಇರಲಿ. ಅದನ್ನೇ ಎರಡೂ ಕಡೆ ಬಳಸೋಣ," ಅಂದ ಅವನು.

"ಹಾಗಾದ್ರೆ ನಿಮ್ಮದನ್ನೇ ಅಳಿಸಿ!" ಅವಳೂ ತಿರುಗಿಬಿದ್ದಳು.

ಕೊನೆಗೆ ಎರಡನ್ನೂ ಅಳಿಸಿ, ಅವಳ ಕಂಪ್ಯೂಟರಿನಲ್ಲೇ ಜೊತೆಗೆ ಕೂತು ಹೊಸದು ಬರೆದರು. ಮೂರು ವಾರ ಹಾಗೆ ಪಕ್ಕಪಕ್ಕ ಕೂತರೆ ಏನಾಗಬೇಕೋ ಅದೇ ಆಯಿತು. ಅವನು ಟೈಪ್ ಮಾಡುವಾಗ ಅವಳು ಪರದೆ ಬಿಟ್ಟು ಅವನ ಮುಖ ನೋಡುತ್ತಿದ್ದಳು. ಅಯ್ಯೋ ಪೆದ್ದಿ! ಪರದೆ ನೋಡಬಾರದಿತ್ತೇ?

'ಒಮ್ಮೆ ಸರದಿ ತಪ್ಪಿಸಿದವರು ಸಾಲಿನ ಕೊನೆಗೆ' ಅಂತ ಅವನೊಂದು ಷರತ್ತು ಬರೆದಿದ್ದ. ಜ್ವರ ಬಂದು ತಪ್ಪಿಸಿದವರ ಯೋಚನೆ ಇಬ್ಬರಿಗೂ ಬರಲಿಲ್ಲ. ಈಗ ಫೋನ್, ಸರ್ವರ್ ಎರಡೂ ಒಂದೇ ಮಾತಾಡುತ್ತಿದ್ದವಲ್ಲ, ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ಜ್ವರದಿಂದ ಒಮ್ಮೆ ತಪ್ಪಿಸಿದ್ದ ಒಬ್ಬ ಮೇಷ್ಟ್ರು ಎಂಟು ದಿನ ಹಾಸಿಗೆ ಸಿಗದೆ ಐಸಿಯು ಸೇರಿದರು.

ಮ್ಯಾನೇಜರ್ ಮೇಡಂ ದಾಖಲೆ ತೆಗೆಸಿದರು. "ಈ ಷರತ್ತು ನಿನ್ನ ಹೆಸರಲ್ಲಿದೆಯಲ್ಲಮ್ಮ. ನೀನೇ ಬರೆದಿದ್ದಾ?"

ಅವಳ ಕಂಪ್ಯೂಟರ್, ಹಾಗಾಗಿ ಅವಳ ಹೆಸರು! ಅವನ ಕಡೆ ನೋಡಿದಳು.

'ಹೇಳೋ... ಒಂದೇ ಒಂದು ಮಾತು ಹೇಳೋ...'

ಅವನು ತಲೆ ಎತ್ತಲಿಲ್ಲ. ಅವನನ್ನು ತೋರಿಸಿಕೊಡಲು ಅವಳಿಗೆ ಮನಸ್ಸು ಬರಲಿಲ್ಲ. ಸಂಜೆಗೆ ಅವಳ ಕೆಲಸ ಹೋಯಿತು.

ನಾಲ್ಕನೇ ದಿನ ಮನೆ ಬಾಗಿಲಿಗೆ ಬಂದ. "ನಿಮ್ಮನ್ನ ಬಿಟ್ಟಿರೋಕಾಗಲ್ಲ ರೀ. ನಿಮ್ಮನ್ನ ಪ್ರೀತಿಸ್ತೀನಿ..."

ಈ ಮಾತಿಗಾಗಿ ಎಷ್ಟು ಹಂಬಲಿಸಿದ್ದಳು!

"ಮೇಡಂಗೆ ಹೇಳಿದ್ರಾ?"

"ಅದು... ಇನ್ನೂ ಇಲ್ಲ..."

"ಇದನ್ನ ಹೇಳೋಕೆ ನಾಲಿಗೆ ಇದೆ. ಅವತ್ತು ಎಲ್ಲಿ ಹೋಗಿತ್ತು?"

ಅವನ ಮುಖದ ಮೇಲೇ ಬಾಗಿಲು ಹಾಕಿದಳು. ಒಳಗೆ ಅಮ್ಮನ ಮಡಿಲಲ್ಲಿ ಬಿಕ್ಕಿ ಬಿಕ್ಕಿ ಅತ್ತಳು.

ಮಾರನೇ ದಿನ ಮಧ್ಯಾಹ್ನ ಮೇಡಂ ಫೋನ್ ಬಂತು. "ಅವನು ಎಲ್ಲರ ಮುಂದೆ ಒಪ್ಪಿಕೊಂಡ. ಅವನನ್ನ ಕೆಲಸದಿಂದ ತೆಗೆದುಹಾಕಿದೀವಿ. ನೀನು ನಾಳೆಯಿಂದ ಬಾ. ಇನ್ನೊಂದು ವಿಷಯ..."

ಆ ಇನ್ನೊಂದು ವಿಷಯ ಕೇಳಿ ಅವಳು ಹಾಗೇ ಗೋಡೆಗೆ ಒರಗಿದಳು.

"ಹೊರಗೆ ನಿಂತಿದಾನೆ ನೋಡೇ," ಅಂದರು ಅಮ್ಮ. "ಬೆಲ್ ಒತ್ತೋಕೂ ಧೈರ್ಯ ಇಲ್ಲ ಮಹಾನುಭಾವನಿಗೆ!"

ಅವಳು ಬಾಗಿಲು ತೆಗೆದಳು.

"ಹೇಳಿಬಿಟ್ಟೆ," ಅಂದ. "ಕ್ಷಮಿಸ್ತೀರಾ?"

"ಇಲ್ಲ."

ಅವನು ಮೆಟ್ಟಿಲು ಇಳಿಯತೊಡಗಿದ.

"ಎಲ್ಲಿಗೆ?"

"ಆಸ್ಪತ್ರೆಗೆ. ಮೇಷ್ಟ್ರ ಹತ್ರಾನೂ ತಪ್ಪು ಒಪ್ಕೋಬೇಕು. ಬೈದರೆ ಬೈಯಲಿ..."

ಅವಳು ಚಪ್ಪಲಿ ಮೆಟ್ಟಿ ಹಿಂದೆಯೇ ಇಳಿದಳು. "ಮೇಷ್ಟ್ರು ಇವತ್ತು ಬೆಳಿಗ್ಗೆ ತೀರಿಹೋದ್ರಂತೆ ರೀ, ಮೇಡಂ ಹೇಳಿದ್ರು. ಅವರ ಹೆಂಡತಿ ಒಬ್ಬರೇ ಅಲ್ಲಿ ಕೂತಿದಾರಂತೆ."

ಅವನು ಮೆಟ್ಟಿಲ ಮೇಲೆ ಕುಸಿದು ಕೂತ.

"ನೀವು ಬರಬೇಡಿ," ಅಂದ. "ಬರೆದಿದ್ದು ನಾನು."

"ನೋಡದೆ ಬಿಟ್ಟಿದ್ದು ನಾನು."

"ಇನ್ನೂ... ನನ್ನ ಮೇಲೆ ಸ್ವಲ್ಪನಾದ್ರೂ ಪ್ರೀತಿ ಇದೆಯಾ?"

"ಇದೆ. ಹಾಳಾದ್ದು, ಹೋಗ್ತಾನೇ ಇಲ್ಲ." ಕಣ್ಣೊರೆಸಿಕೊಂಡು ಕೈ ಚಾಚಿದಳು. "ಏಳಿ. ಆಕೆಗೆ ಏನು ಹೇಳೋದು ಅಂತ ದಾರಿಯಲ್ಲಿ ಯೋಚಿಸೋಣ."