ಆ ಸಾಲಿನ ಮೇಲಿದ್ದ ಹೆಸರು

“ಇದು ಇವರು ಬಂದ ಮೇಲೇ ಶುರುವಾಗಿದ್ದು ಸರ್!”

ದಾಕ್ಷಾಯಿಣಿಯ ಬೆರಳು ನೇರವಾಗಿ ರುದ್ರೇಶನ ಕಡೆಗಿತ್ತು. ಅಡ್ಯಾರಿನ ಆ ಕಚೇರಿಯ ಮೀಟಿಂಗ್ ಕೋಣೆಯಲ್ಲಿದ್ದ ಹನ್ನೆರಡು ಜನರೂ ಒಮ್ಮೆಗೇ ಅವನತ್ತ ತಿರುಗಿದರು.

ಅವನು ಅವಳನ್ನೊಮ್ಮೆ ನೋಡಿದ, ಅಷ್ಟೇ.

ಮರುದಿನವೇ ಟೀಮಿನ ಹಿರಿಯರಾದ ತಿರುಮಲ ಸರ್ ಅವನನ್ನು ಕೆಳಮಹಡಿಯ ಟೆಸ್ಟಿಂಗ್ ವಿಭಾಗಕ್ಕೆ ಕಳಿಸಿಬಿಟ್ಟರು.

2007ರ ಆ ಬೇಸಿಗೆಯಲ್ಲಿ ಅವರೆಲ್ಲ ತಿದ್ದುತ್ತಿದ್ದುದು ಆಪರೇಟಿಂಗ್ ಸಿಸ್ಟಮ್ಮಿನ ಶೆಡ್ಯೂಲರನ್ನು. ಯಾವ ಪ್ರೊಸೆಸರಿನ ಮೇಲೆ ಎಷ್ಟು ಭಾರವಿದೆ ಎಂದು ನೋಡಿ, ಹಗುರಾಗಿದ್ದದ್ದಕ್ಕೆ ಹೊಸ ಕೆಲಸ ಹಂಚುವ ಯಜಮಾನ ಅದು. ಆದರೆ ಹೊಸ ಯಂತ್ರದ ಎಂಟು ಪ್ರೊಸೆಸರುಗಳಲ್ಲಿ ಒಂದು ಸುಮ್ಮನೆ ಕೂತಿದ್ದರೂ ಭಾರ ಹೊತ್ತಂತೆ ತೋರಿಸುತ್ತಿತ್ತು. ಉಳಿದ ಏಳು ಏದುಸಿರು ಬಿಡುತ್ತಿದ್ದವು.

ರುದ್ರೇಶ ಬಂದು ಮೂರೇ ತಿಂಗಳು. ಅದೇ ಊರಿನ ಕೀಲ್ಪಾಕಿನಲ್ಲಿ ಹುಟ್ಟಿ ಬೆಳೆದವನು, ಅವನ ಕನ್ನಡದ ನಡುವೆ ತಮಿಳು ನುಸುಳುತ್ತಿತ್ತು. ದಿನಾ ಮಧ್ಯಾಹ್ನ ಅವನಿಗೆಂದೇ ಎರಡು ಜೋಳದ ರೊಟ್ಟಿ ಹೆಚ್ಚಿಗೆ ತರುತ್ತಿದ್ದಳು ದಾಕ್ಷಾಯಿಣಿ.

“ಕೊಂಜ ಚಟ್ನಿ ಹಾಕಿ.”

“ಕೊಂಜ ಅಲ್ರೀ, ಸ್ವಲ್ಪ!”

ಅವನು ಬೇಕೆಂದೇ ತಪ್ಪು ಮಾಡುತ್ತಾನೆಂದು ಅವಳಿಗೆ ಗೊತ್ತಿತ್ತು. ತಿದ್ದುವುದೆಂದರೆ ಅವಳಿಗೆ ಇಷ್ಟವೆಂದು ಅವನಿಗೂ!

ಅಂಥವನತ್ತ ಬೆರಳು ತೋರಿಸಿದೆನಲ್ಲ... ಪ್ರಶ್ನೆ ನನ್ನ ಕಡೆ ತಿರುಗೀತೆಂಬ ಹೆದರಿಕೆಗೆ, ಎಂದು ಅವಳು ಒಳಗೇ ಕೊರಗಿದಳು.

ಅವನು ಕೆಳಗೆ ಹೋದ ಎಂಟನೆಯ ದಿನ ಅವಳಿಗೆ ದೋಷ ಸಿಕ್ಕಿತು. ಕೆಲಸ ಬಂದಾಗ ಅದರ ಭಾರವನ್ನು ಪೂರ್ತಿಯಾಗಿ ಕೂಡುತ್ತಿತ್ತು ಶೆಡ್ಯೂಲರ್. ಮುಗಿಸಿ ಹೋಗುವಾಗ ಮಾತ್ರ ದಶಾಂಶದ ಚೂರನ್ನು ಬಿಟ್ಟು ಕಳೆಯುತ್ತಿತ್ತು. ಎಷ್ಟು ಬಗ್ಗಿಸಿದರೂ ಡಬ್ಬಿಯ ತಳದಲ್ಲಿ ಚಿಟಿಕೆ ಹಿಟ್ಟು ಉಳಿಯುವುದಿಲ್ಲವೇ, ಹಾಗೆ. ಲಕ್ಷಾಂತರ ಚಿಟಿಕೆಗಳು ಸೇರಿ ಇಲ್ಲದ ಭಾರವೊಂದು ಹುಟ್ಟಿಕೊಂಡಿತ್ತು.

ಕೋಡಿನ ಯಾವ ಸಾಲನ್ನು ಯಾರು, ಯಾವಾಗ ಬರೆದರೆಂಬುದನ್ನು ಕಂಪ್ಯೂಟರ್ ಮರೆಯುವುದಿಲ್ಲ. ರುದ್ರೇಶನ ಹೆಸರು ಬರುತ್ತದೆಂದುಕೊಂಡೇ ಅವಳು ಕೀಲಿ ಒತ್ತಿದಳು.

ಪರದೆಯ ಮೇಲೆ ಬಂದದ್ದು: ದಾಕ್ಷಾಯಿಣಿ. 2005.

ಅವನು ಆ ಕಚೇರಿಯ ಮೆಟ್ಟಿಲನ್ನೇ ಹತ್ತದಿದ್ದ ವರ್ಷ! ಹಳೆಯ ಸಣ್ಣ ಯಂತ್ರಗಳಲ್ಲಿ ಅಡಗಿದ್ದ ತಪ್ಪು, ಹೊಸ ಯಂತ್ರ ಬಂದ ವಾರ ಬಯಲಾಗಿತ್ತು. ಅದೇ ವಾರ ಅವನೂ ಬಂದಿದ್ದ, ಪಾಪ.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಧರಿಸಿ, ಇಷ್ಟಲಿಂಗವನ್ನು ಅಂಗೈ ಮೇಲಿಟ್ಟುಕೊಂಡು ಕೂತಳು. ದೃಷ್ಟಿ ನಿಲ್ಲಲೊಲ್ಲದು. ಇನ್ನೊಂದು ಕೈಯ, ಅವನತ್ತ ತೋರಿಸಿದ್ದ ಬೆರಳು ಸುಡುತ್ತಿತ್ತು.

ರಾಣೆಬೆನ್ನೂರಿನಿಂದ ಬಂದು ಅವಳ ಜೊತೆಗಿದ್ದ ಅಜ್ಜಿ ಬಸವಣ್ಣೆಮ್ಮ ಬಾಗಿಲಲ್ಲಿ ನಿಂತಿದ್ದರು.

“ಯಾಕವ್ವಾ, ದಿನಾ ಎರಡು ರೊಟ್ಟಿ ಹಂಗ ವಾಪಸ್ ಬರಾಕ ಹತ್ಯಾವಲ್ಲ? ಯಾರ ಮ್ಯಾಲ ಸಿಟ್ಟು?”

“ನನ್ನ ಮ್ಯಾಲ, ಅಜ್ಜಿ.”

“ಹಂಗಾರ ರೊಟ್ಟಿ ಏನ್ ಮಾಡ್ಯಾವ? ಒಯ್ದು ಕೊಟ್ಟು ಬಾ.”

ಒಂದು ಸಾಲು ತಿದ್ದಿ ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಅವನು ಕೆಳಮಹಡಿಯಲ್ಲೇ ಉಳಿಯುತ್ತಿದ್ದ, ಅವಳು ಹಚ್ಚಿದ ಮಸಿಯ ಸಮೇತ.

ಅವಳು ಸಾಲನ್ನು ತಿದ್ದಿದಳು. ಅದರ ದಾಖಲೆಯಲ್ಲೇ ಹೀಗೆ ಬರೆದು, ಎಲ್ಲರಿಗೂ ಮೇಲ್ ಕಳಿಸಿದಳು: ‘ಈ ತಪ್ಪು ನನ್ನದು. ರುದ್ರೇಶ್ ಅವರಿಗೂ ಇದಕ್ಕೂ ಸಂಬಂಧವಿಲ್ಲ. ಪರೀಕ್ಷಿಸದೆ ಅವರನ್ನು ದೂರಿದೆ.’

ತಿರುಮಲ ಸರ್ ಕನ್ನಡಕ ತೆಗೆದರು. “ಇಷ್ಟೆಲ್ಲ ಬರೀಬೇಕಿತ್ತೇನಮ್ಮಾ? ಇದು ಅಳಿಸಿಹೋಗಲ್ಲ.”

“ನಾನು ಅಂದಿದ್ದೂ ಎಲ್ಲರ ಮುಂದೇನೇ ಅಲ್ವಾ ಸರ್...”

ಅವಳು ತಲೆ ಎತ್ತಲಿಲ್ಲ.

ಸಂಜೆ ಬಸ್ ಸ್ಟಾಪಿನಲ್ಲಿ ರುದ್ರೇಶ ಒಬ್ಬನೇ ನಿಂತಿದ್ದ.

“ತಪ್ಪು ನಂದೇ ರೀ...”

“ಮೇಲ್ ನೋಡಿದೆ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟಿತು. “ಕೋಡ್‌ನಲ್ಲಿ ತಪ್ಪು ಯಾರು ಮಾಡಲ್ಲ? ಆದ್ರೆ ಮೊದ್ಲು ನನ್ನ ಕೇಳ್ಬೇಕಿತ್ತು ದಾಕ್ಷಾಯಿಣಿ. ದಿನಾ ಪಕ್ಕದಲ್ಲೇ ಕೂತು ಊಟ ಮಾಡ್ತಿದ್ದೆ ಅಲ್ವಾ?”

ಅವಳು ನೆಲ ನೋಡುತ್ತಲೇ ಹೇಳಿದಳು.

“ನನ್ನ ಹೆಸರು ಕೆಡ್ತದ ಅಂತ ಹೆದರಿ ನಿಮ್ಮ ಹೆಸರು ಕೆಡಿಸಿದೆ. ಕ್ಷಮಿಸ್ರಿ ಅನ್ನಾಕೂ ನಾಚಿಕೆ ಆಗ್ತದ.”

ಕೀಲ್ಪಾಕಿನ ಬಸ್ಸು ಬಂತು. ಅವನು ಹತ್ತಲಿಲ್ಲ. ಬಸ್ಸು ಹೊರಟುಹೋಯಿತು.

“ಈ ಎಂಟು ದಿನ ನನ್ನ ರೊಟ್ಟಿ ಯಾರು ತಿಂದ್ರು?”

ಅವಳು ಬೆಚ್ಚಿ ತಲೆ ಎತ್ತಿದಳು. “ಯಾರೂ ಇಲ್ಲ... ದಿನಾ ತಂದೆ. ಕೆಳಗ ಬರಾಕ ಮುಖ ಇರಲಿಲ್ಲ. ವಾಪಸ್ ಒಯ್ದೆ.”

“ಇವತ್ತು?”

ಅವಳು ಡಬ್ಬಿ ತೆರೆದಳು. ಅವನು ಒಂದು ರೊಟ್ಟಿ ಮುರಿದು ಅರ್ಧವನ್ನು ಅವಳ ಅಂಗೈಗಿಟ್ಟ.

“ಕೊಂಜ ಚಟ್ನಿ...”

ಅವಳ ಕಣ್ಣು ತುಂಬಿ ಹರಿಯಿತು. “ಹಂಗೇ ಅನ್ರಿ. ಇನ್ಮ್ಯಾಲ ನಿಮ್ಮನ್ನ ತಿದ್ದಾಕ ನಂಗೇನ್ ಹಕ್ಕೈತಿ?”

“ತಿದ್ದಿ,” ಎಂದ ಅವನು ಮೆಲ್ಲಗೆ. “ಜೀವನ ಪೂರ್ತಿ ತಿದ್ದಿ. ಆದ್ರೆ ಮೊದ್ಲು ನನ್ನ ಕೇಳಿ.”

“ಹಂಗಾರ... ಈಗ್ಲೇ ಕೇಳ್ಲಾ?”

“ಕೇಳಿ.”

ಅವಳು ಕಣ್ಣೊರೆಸಿಕೊಂಡಳು. “ಕೊಂಜಾನೋ, ಸ್ವಲ್ಪಾನೋ?”

“ಸ್ವಲ್ಪ,” ಎಂದು ನಕ್ಕ ಅವನು. “ದಿನಾ.”